ಎರವಲು ಕೆಮ್ಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ ಗೆಳೆಯರೇ, ನನ್ನ ಮಗನ ಕೆಮ್ಮನ್ನು ಮಗನಿಗಿಂತ ನಾನೇ ಚೆನ್ನಾಗಿ ಕೆಮ್ಮುತ್ತಿದ್ದೆ. ಮುಂದಿನ ಗೋಳಿಗೆಲ್ಲ ಅದೇ ಮೂಲ. ಕೌದಿಯ ಮೇಲೆ ಬೋರಲು ಮಲಗಿ, ಕುತ್ತಿಗೆ ಎತ್ತಿ, ಸಣ್ಣ ಡಬ್ಬಿಯಲ್ಲಿ ಕಡಲೆಕಾಳು ಅಲುಗಿಸಿದ ಹಾಗೆ ಅವನು ಕೆಮ್ಮಿದ ಆ ಮೊದಲ ಬೆಳಗ್ಗೆ, ಗಾಬರಿಪಡುವ ಕೆಲಸವನ್ನು ಹೆಂಡತಿ ಭಾಗ್ಯಳಿಗೆ ಬಿಟ್ಟುಕೊಟ್ಟು ನಾನು ಕಣ್ಣು ಮುಚ್ಚಿ ಆ ಸದ್ದಿನ ಶ್ರುತಿ ಹಿಡಿಯುತ್ತಿದ್ದೆ. ಹುಟ್ಟುಗುಣ, ಏನು ಮಾಡಲಿ? ಅತನೂರಿನಲ್ಲಿ ಬೆಳೆದ ನನಗೆ ಕಂಡಕ್ಟರನ ಸೀಟಿ, ಪಂಚಾಯಿತಿ ಸದಸ್ಯರ ಭಾಷಣ, ನೀರಿಲ್ಲದ ಬೋರ್‌ವೆಲ್ಲಿನ ನರಳಾಟ ಎಲ್ಲವೂ ಬಾಯಿಪಾಠ. ನನ್ನ ಮದುವೆಯಲ್ಲಿ ಅಕ್ಷತೆ ಬೀಳುವಾಗ ಮದುಮಗ ಹೇಗೆ ನಾಚಿಕೊಂಡಿದ್ದನೆಂದು ಅದೇ ಸಂಜೆ ಬೀಗರೆದುರು ಆಡಿ ತೋರಿಸಿದವನೂ ನಾನೇ.

ಮಗ ಆಗ ಆಳಂದ ಸೀಮೆಯ ಮಟಕಿಯಲ್ಲಿ, ತನ್ನ ಅಜ್ಜಿಯ ಮನೆಯಲ್ಲಿದ್ದ. ನಮ್ಮ ಕಡೆ ಕೂಸಿಗೆ ಮೈ ಬೆಚ್ಚಗಾದರೂ ಸಾಕು, ಓಣಿಯವರು ಒಬ್ಬೊಬ್ಬರಾಗಿ ಮಾತಾಡಿಸಲು ಬರುತ್ತಾರೆ. ಬಂದವರಿಗೆ ಚಹಾ ಕೊಡಬೇಕು, ಜಡ್ಡಿನ ಕಥೆಯನ್ನು ಮೊದಲಿನಿಂದ ಹೇಳಬೇಕು. ಮುಂಚೆ ಬಂದವರಿಗೆ ಹೇಳಿದ್ದೇವೆಂದು ಇವರಿಗೆ ಚುಟುಕು ಮಾಡಿದರೆ ಮನಸ್ತಾಪ. ಕಥೆ ಹೇಳುವ ಭಾರ ಅಳಿಯನದು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಕೆಮ್ಮುತ್ತಿದ್ದೆ, ಬಂದವರು ಮೊದಲು ಅಯ್ಯೋ ಎಂದು, ಆಮೇಲೆ ತಡೆಯಲಾರದೆ ನಗುತ್ತಿದ್ದರು. ಮಗ ನನ್ನ ಬಾಯನ್ನೇ, ಯಾರೋ ಅಲ್ಲಿಂದ ಹಕ್ಕಿ ಹಾರಿಸುತ್ತಾರೇನೋ ಎಂಬಂತೆ, ಕಣ್ಣರಳಿಸಿ ನೋಡುತ್ತಿದ್ದ.

ಆಳಂದದ ವೈದ್ಯರ ಬಳಿ ಹೋದಾಗಲೂ ಅದೇ ಆಯಿತು. ಕೂಸು ಬಾಯಿ ತೆರೆಯುವ ಮೊದಲೇ ನಾನು ತೆರೆದೆ. ಅವರು ನನ್ನ ಕೆಮ್ಮು ಕೇಳಿದರು, ತಲೆಯಾಡಿಸಿದರು, ಸಿರಪ್ ಬರೆದರು. ಅವರ ಮೇಲಿನ ನನ್ನ ನಂಬಿಕೆ ಮೆಟ್ಟಿಲಿಳಿಯುವವರೆಗೂ ಉಳಿಯಲಿಲ್ಲ. ಕೂಸನ್ನು ಸರಿಯಾಗಿ ನೋಡಲೇ ಇಲ್ಲವಲ್ಲ ಎಂದು ಗೊಣಗಿದೆ. ಪಾಪ, ಪಕ್ಕದಲ್ಲಿ ನಾನಿರುವಾಗ ಅವರು ಬೇರೆಲ್ಲಿ ನೋಡಬೇಕಿತ್ತು?

ಸಿರಪ್ಪಿಗೆ ಕೆಮ್ಮು ಜಗ್ಗಲಿಲ್ಲ. ಅಕ್ಕನ ಊರು ಜೇವರ್ಗಿಯಲ್ಲಿ ಬಹಳ ಓದಿದ ಮಕ್ಕಳ ವೈದ್ಯರಿದ್ದಾರೆಂದು ಭೀಮೆ ದಾಟಿ ಹೋದೆವು. ಅಷ್ಟು ಓದಿದವರು ಸಾದಾ ಕೆಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕಿನಲ್ಲಿ, ಕೆಮ್ಮಿನ ತುದಿಗೆ ನನ್ನ ಕಡೆಯಿಂದ ಒಂದು ಸಣ್ಣ ಸಿಳ್ಳು ಸೇರಿಸಿದೆ. ಕಲಾವಿದನ ಚಪಲ. ವೈದ್ಯರ ಮುಖ ಗಂಭೀರವಾಯಿತು. ಹೊಗೆಯಂಥ ಔಷಧ ಉಗುಳುವ ಯಂತ್ರ ಬಂತು, ಕೂಸಿನ ಮೂಗುಬಾಯಿಗೆ ಪ್ಲಾಸ್ಟಿಕ್ಕಿನ ಮುಖವಾಡ ಬಿತ್ತು. ಅದರೊಳಗಿಂದ ಅವನು ಅತ್ತ ಅಳುವನ್ನು ಇವತ್ತಿಗೂ ನಾನು ಯಾರಿಗೂ ಮಾಡಿ ತೋರಿಸಿಲ್ಲ.

ಆದರೆ ಬೆನ್ನು ತಣ್ಣಗಾಗುವಂಥದ್ದು ಆಮೇಲೆ ನಡೆಯಿತು. ಅತನೂರಿಗೆ ಮರಳಿದ ಕೆಲವೇ ದಿನಗಳಲ್ಲಿ ಮಗನ ಕೆಮ್ಮಿನ ತುದಿಯಲ್ಲಿ ನಿಜವಾಗಿಯೇ ಸಿಳ್ಳು ಕೇಳಿಸಿತು. ನಾನು ಸುಳ್ಳೇ ಹುಟ್ಟಿಸಿದ ರೋಗ, ವಿಳಾಸ ಹುಡುಕಿಕೊಂಡು ಬಂದು ಅವನ ಎದೆಯೊಳಗೆ ಮನೆ ಮಾಡಿತ್ತು. ಭಾಗ್ಯಳಿಗೆ ಆ ಸಿಳ್ಳಿನ ಜನ್ಮರಹಸ್ಯ ಹೇಳಲು ಧೈರ್ಯ ಸಾಲದೆ, ಬೇವಿನ ನೆರಳಲ್ಲಿ ಅವನನ್ನು ಹೆಗಲಿಗೆ ಹಾಕಿಕೊಂಡು ತೂಗುತ್ತಾ ನಿಂತಿರುತ್ತಿದ್ದೆ. ನನ್ನ ಕಿವಿಯ ಪಕ್ಕದಲ್ಲೇ ಬರುತ್ತಾ ಹೋಗುತ್ತಾ ಇದ್ದ ಆ ಉಸಿರು, ಸೊನ್ನದ ಅಣೆಕಟ್ಟಿನ ಹಿಂದೆ ನಿಂತ ನೀರಿನ ಹಾಗೆ, ನಿದ್ದೆಯೋ ಎಚ್ಚರವೋ ತಿಳಿಯದಂತಿರುತ್ತಿತ್ತು. ಇಷ್ಟು ಹಗುರವಾದದ್ದನ್ನು ವೈದ್ಯರಿಗೆ ಒಪ್ಪಿಸಲು ಎಂಥ ಕೈ ಬೇಕು? ದೊಡ್ಡವರು ಇಲ್ಲಿ ನೋವು, ಅಲ್ಲಿ ಉರಿ ಎನ್ನುತ್ತಾರೆ. ಕೂಸಿನ ಪರವಾಗಿ ಹೆತ್ತವರು ಹೇಳಬೇಕು, ಹೇಳುವಾಗ ನಮ್ಮ ಹೆದರಿಕೆಯನ್ನೂ ಬೆರೆಸಿಯೇ ಹೇಳುತ್ತೇವೆ. ಆ ಲೆಕ್ಕದಲ್ಲಿ ಹೊಸದಾಗಿ ತಂದೆತಾಯಿ ಆದವರೆಲ್ಲರೂ ನನ್ನ ಕಸುಬಿನವರೇ. ನಾನು ಕೆಲಸ ಮಾಡುವ ಅಫಜಲಪುರದ ಬೀಜ ಗೊಬ್ಬರದ ಅಂಗಡಿಗೆ ಬರುವ ರೈತರು, ತೊಗರಿಯ ಎಲೆ ಹೀಗೆ ಮುದುಡೈತಿ ಎಂದು ಅಂಗೈ ಮಡಚಿ ತೋರಿಸಿದರೆ, ಕೈ ಬ್ಯಾಡ್ರಿ, ಎಲೀ ತರ್ರಿ ಎಂದು ಕಾಡಿಸುವವನು ನಾನು. ಅಂಥವನು ಎಲೆಯನ್ನು ಕಂಕುಳಲ್ಲಿಟ್ಟುಕೊಂಡು ಊರೂರಿಗೆ ಅಂಗೈ ತೋರಿಸುತ್ತಾ ತಿರುಗಿದ್ದೆ.

ಕೊನೆಗೆ ಭಾಗ್ಯ ಔಷಧದ ಬಾಟಲಿಗಳನ್ನೆಲ್ಲ ಕಪಾಟಿನ ಮೇಲಕ್ಕೆ ಎತ್ತಿಟ್ಟಳು. "ಇನ್ನೊಂದು ಹನಿ ಔಷಧ ಇದರ ಹೊಟ್ಟ್ಯಾಗ ಹೋಗೂದ್ರೊಳಗ, ಇದಕ್ಕ ಏನಾಗ್ಯದಂತ ಒಬ್ಬರರೆ ನೋಡಿ ಹೇಳ್ಬೇಕು. ನೋಡಿ. ಕೇಳಿ ಅಲ್ಲ" ಎಂದಳು.

ನನ್ನ ಅಂಗಡಿಯ ಹಿಂದಿನ ಗಲ್ಲಿಯಲ್ಲೇ ಒಬ್ಬರು ಹೆಣ್ಣು ಡಾಕ್ಟರಿದ್ದರು, ಊರ ಬಾಯಲ್ಲಿ ಡಾಕ್ಟರ್ ಬಾಯೋರು. ಮನೆಯಲ್ಲಿ ಉರ್ದು, ದವಾಖಾನೆಯಲ್ಲಿ ನಮಗಿಂತ ಸೊಗಸಾದ ಕನ್ನಡ. ಅವರ ಮೇಲೆ ಊರಿನದು ಒಂದೇ ದೂರು: ಬೇಗ ಔಷಧ ಕೊಡುವುದಿಲ್ಲ, ಸುಮ್ಮನೆ ಕೂರಿಸುತ್ತಾರೆ. ಸೂಜಿಯನ್ನೂ ಚುಚ್ಚದವರು ಎಂಥ ಡಾಕ್ಟರು ಎಂದು ಫೋನಿನಲ್ಲಿ ನನ್ನತ್ತೆ ಆಗಲೇ ತೀರ್ಪು ಕೊಟ್ಟಿದ್ದರು.

ಹೋದೆವು. ನಾನು ವಾಡಿಕೆಯಂತೆ ಸಿಳ್ಳು ಸಮೇತ ಕೆಮ್ಮಿದೆ. ಬಾಯೋರು ಎದ್ದು ಬಂದು ಸ್ಟೆತಸ್ಕೋಪನ್ನು ನನ್ನ ಎದೆಗೇ ಇಟ್ಟರು. ಗಂಭೀರವಾಗಿ ಆಲಿಸಿ, ಇದು ಛಲೋ ಅದ ಅಂದರು. ಆಮೇಲೆ ಕೂಸಿನ ಎದೆ, ಬೆನ್ನು, ಕಿವಿ, ಗಂಟಲು ನೋಡಿದರು, ತೂಕ ಮಾಡಿದರು, ಅಂಗಿ ಬಿಚ್ಚಿಸಿ ಪಕ್ಕೆಲುಬು ಏರಿಳಿಯುವುದನ್ನು ಬಹಳ ಹೊತ್ತು ನೋಡಿದರು. ಏನ್ರಿ ಬಾಯೋರೆ ಎಂದು ಭಾಗ್ಯ ಕೇಳಿದಾಗ, ಅಲ್ಲಿಯವರೆಗೆ ಯಾವ ವೈದ್ಯರ ಬಾಯಲ್ಲೂ ನಾವು ಕೇಳದಿದ್ದ ಮಾತೊಂದು ಬಂತು: "ಎದಿ ಸಾಫ್ ಅದ. ಮತ್ತ ಈ ಸಿಳ್ಳು ಎಲ್ಲಿಂದ ಬರಾಕತ್ತದಂತ ನನಗ ಇನ್ನಾ ತಿಳಿವಲ್ದು. ಕೂಡ್ರಿ, ನೋಡೂಣು." ನನ್ನನ್ನು ಮಾತ್ರ ಪರದೆಯಾಚೆಯ ಬೆಂಚಿಗೆ ಕಳಿಸಿದರು.

ಗೊತ್ತಿಲ್ಲ ಎಂಬ ಆ ಮಾತಿಗೆ ಎದೆ ಒಡೆಯಬೇಕಿತ್ತು. ಆದರೆ ಏನೋ ಒಂದು ಬಿಗಿ ಸಡಿಲವಾಯಿತು. ಮಧ್ಯಾಹ್ನ ಮೆಲ್ಲಗೆ ಮಗ್ಗುಲು ಬದಲಿಸುತ್ತಿತ್ತು, ಫ್ಯಾನಿನ ಗಾಳಿಗೆ ಹಸಿರು ಪರದೆ ಉಸಿರೆಳೆದು ಬಿಡುತ್ತಿತ್ತು, ನಾನು ಹುಟ್ಟಿದ ಮೇಲೆ ಮೊದಲ ಸಲವೋ ಏನೋ ಯಾರ ದನಿಯನ್ನೂ ಮಾಡದೆ ಸುಮ್ಮನೆ ಕೂತಿದ್ದೆ. ಒಳಗೆ ಭಾಗ್ಯ ಹಾಲೂಡಿಸುವ ಸದ್ದು, ಬಳೆ, ಮಗನ ಗೊಣಗು. ಕೆಮ್ಮು ಮಾತ್ರ ಇಲ್ಲ. ಇನ್ನೂ ಇಲ್ಲ. ತೂಕಡಿಕೆಯ ಅಂಚಿನಲ್ಲಿ ಆ ಇಲ್ಲದ ಸದ್ದಿಗೆ ಕಿವಿಗೊಟ್ಟು ಎಷ್ಟು ಹೊತ್ತು ತೇಲಿದೆನೋ.

"ಈಗ ಒಳಗ ಬರ್ರಿ" ಎಂದು ಕರೆ ಬಂತು.

ಪರದೆ ಸರಿಸಿದೆ. ಮಗ ನನ್ನನ್ನು ಕಂಡ, ಬೊಚ್ಚುಬಾಯಿ ಅಗಲಿಸಿದ, ಮತ್ತು ಕೆಮ್ಮಿದ. ತುದಿಯಲ್ಲಿ ಸಿಳ್ಳು. ಆಮೇಲೆ ತಲೆ ವಾಲಿಸಿ ನನ್ನ ಮುಖವನ್ನೇ ನೋಡುತ್ತಾ ಕಾದ. ಜನ ನಗಲೆಂದು ಹಾಗೆ ಕಾಯುವವನನ್ನು ನಾನು ಕನ್ನಡಿಯಲ್ಲಿ ಬಲ್ಲೆ. ನೆಗಡಿ ಎಂದೋ ಹೋಗಿತ್ತಂತೆ, ನಾನು ಪರದೆಯಾಚೆ ಕೂತಿದ್ದಷ್ಟು ಹೊತ್ತೂ ಒಮ್ಮೆಯೂ ಕೆಮ್ಮಲಿಲ್ಲವಂತೆ. ಅಪ್ಪನ ಬಾಯಿಂದ ಪದೇ ಪದೇ ಹೊರಟು ಮನೆಯನ್ನೆಲ್ಲ ನಗಿಸುತ್ತಿದ್ದ ಆ ಸದ್ದನ್ನು ಅಪ್ಪನ ಭಾಷೆಯೆಂದೇ ತಿಳಿದು, ಅವನು ನನ್ನೊಡನೆ ಮಾತಾಡುತ್ತಿದ್ದ. ಭಾಗ್ಯ ನಗಲು ಶುರು ಮಾಡಿದವಳು ಕಣ್ಣೊರೆಸಿಕೊಂಡಳು. ಮುಜುಗರ ಮುಚ್ಚಲು ಪಂಚಾಯಿತಿ ಸದಸ್ಯರ ಗಡಸು ಗಂಟಲನ್ನು ಎರವಲು ತಂದು, ಹಾಗಾದ್ರ ಔಷಧ ಏನೂ ಇಲ್ಲೇನ್ರಿ ಎಂದು ಕೇಳಿದೆ.

ಬಾಯೋರು ಪೆನ್ನು ಮುಚ್ಚಿಟ್ಟರು.

"ಅದ ರೀ. ದಿನಾ ಕೂಸಿನ ಮುಂದ ಕುಂತು ಮಾತಾಡ್ರಿ, ಯಾರ ದನಿಯಾಗೂ ಬ್ಯಾಡ, ನಿಮ್ಮ ದನಿಯಾಗ. ಅದನ್ನ ಇದು ಇನ್ನಾ ಕೇಳಿಲ್ಲ."