ಒಂದೇ ಬೇಸಿಗೆಯ ಮೂರು ಮುದ್ರೆಗಳು

ಸುಲ್ತಾನನ ರಾಜಧಾನಿಗೆ ಎದುರು ದಡದ ಉಸ್ಕುದಾರಿನ ಕಲ್ಲುಕುಟಿಗರಲ್ಲಿ ಉಸ್ತಾ, ಎಂದರೆ ಮೇಸ್ತ್ರಿ, ಎನಿಸಿಕೊಂಡ ಗರಬೆತ್‌ನಷ್ಟು ನಯವಾಗಿ ಹೂಬಳ್ಳಿ ಬಿಡಿಸುವವರಿರಲಿಲ್ಲ; ಅವನಷ್ಟು ಗೊಣಗುವವರೂ ಇರಲಿಲ್ಲ. ಆ ಬೇಸಿಗೆಯಲ್ಲಂತೂ ಪುಣ್ಯಾತ್ಮ ಕೆಂಡದ ಮೇಲೆ ನಿಂತವನಂತೆ ಚಡಪಡಿಸುತ್ತಿದ್ದ.

ಶೆಫಿಕಾ ಹಾನಿಮ್, ಅಂದರೆ ಶೆಫಿಕಾ ಅಮ್ಮನವರು, ಎಂಬ ಮುದುಕಿ, ದಂಡಿಗೆ ಹೋಗಿ ಸತ್ತ ಮಗ ನಜ್ಮಿಯ ಹೆಸರಿನಲ್ಲಿ ಬೀದಿಯಲ್ಲೊಂದು ಕುಡಿಯುವ ನೀರಿನ ಕಟ್ಟೆ ಕಟ್ಟಿಸುತ್ತಿದ್ದಳು. ದಾರಿಹೋಕರು ಕುಡಿದ ಒಂದೊಂದು ಬೊಗಸೆಯ ಪುಣ್ಯವೂ ಮಗನಿಗೆ ಸೇರಬೇಕು. ಅವಳಿಗೆ ಕಾಲು ಊದಿತ್ತು, ಏದುಸಿರು ಹತ್ತಿತ್ತು. ಕಣ್ಣು ಮುಚ್ಚುವುದರೊಳಗೆ ನೀರು ಬೀಳುವ ಸದ್ದು ಕೇಳಬೇಕೆಂಬುದೊಂದೇ ಆಸೆ. ಆದರೆ ಮಗ ಸುಲ್ತಾನನ ಸಿಪಾಯಿ. ಕಟ್ಟೆಯ ನೆತ್ತಿಯಲ್ಲಿ ಸುಲ್ತಾನನ ತುಗ್ರಾ ಇಲ್ಲದೆ ನೀರು ಬಿಡಕೂಡದೆಂದು ಅವಳೇ ಹಟ ಹಿಡಿದಿದ್ದಳು.

ತುಗ್ರಾ ಎಂದರೆ ಅರಸು ಮುದ್ರೆ. ದೊರೆಯ ಹೆಸರು, ಅವನಪ್ಪನ ಹೆಸರು, 'ಸದಾ ವಿಜಯಿ' ಎಂಬ ಬಿರುದು, ಎಲ್ಲ ಹೆಣೆದುಕೊಂಡಿರುತ್ತವೆ. ನಕ್ಷೆಯ ಗೆರೆಗುಂಟ ಸೂಜಿಯಿಂದ ಚುಚ್ಚಿದ ಕಾಗದವನ್ನು ಅಮೃತಶಿಲೆಗೆ ಒತ್ತಿ, ಇದ್ದಿಲ ಪುಡಿ ತಟ್ಟಿ, ಸುತ್ತಲಿನ ಕಲ್ಲು ತೆಗೆದು ಗರಬೆತ್ ಅಕ್ಷರಗಳನ್ನು ಉಬ್ಬಿಸಿದ. ಇನ್ನೇನು ಚಿನ್ನದ ನೀರು ಬಳಿಯಬೇಕು, ಸಮುದ್ರದ ಕಡೆಯಿಂದ ಫಿರಂಗಿ ಗುಡುಗಿತು. ಸುಲ್ತಾನನನ್ನು ಇಳಿಸಿ ಅವನ ಅಣ್ಣನ ಮಗನನ್ನು ಕೂರಿಸಿದ್ದರು. ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಉಜ್ಜಿ ತೆಗೆದು ಹೊಸದು ಕೆತ್ತಿದ.

ಅಂದಿನಿಂದ ನಿದ್ದೆಯೂ ಹೋಯಿತು. ಹಳೆಯ ಹೆಸರು ಉಳಿಸಿದರೆ ದ್ರೋಹ, ದೊರೆ ಇಳಿಯುವ ಮೊದಲೇ ಅವಸರಪಟ್ಟು ಉಜ್ಜಿದರೂ ದ್ರೋಹ.

"ಬಾಗಿಲು ಬಡಿದ್ರೂ ಫಿರಂಗಿ ಅಂತೀಯಲ್ಲ ಮಾರಾಯ, ನಿನ್ನನ್ನೇ ಪಟ್ಟಕ್ಕೆ ಕೂರಿಸ್ತಾರೇನು?" ಎಂದು ಹೆಂಡತಿ ಯೆರಾನುಹಿ ಛೇಡಿಸಿದಳು.

ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಮತ್ತೆ ಫಿರಂಗಿ. ಈಗ ಆ ಹೊಸ ಸುಲ್ತಾನನನ್ನೂ ಇಳಿಸಿ ಅವನ ತಮ್ಮನನ್ನು ಕೂರಿಸಿದ್ದರು. ಗರಬೆತ್ ಹೆಸರುಗಳನ್ನು ಉಜ್ಜಿದ. ಬಿರುದಿಗೆ ಕೈ ಹಚ್ಚಲಿಲ್ಲ, ಯಾವ ದೊರೆಗಾದರೂ ಅದು ಅದೇ ತಾನೆ. ಬೆರಳಿನಿಂದ ತಟ್ಟಿ ನೋಡಿದರೆ ಕಲ್ಲು ಒಡಕು ದನಿ ಕೊಟ್ಟಿತು.

ಸುದ್ದಿ ಕೇಳಿ ಹಾನಿಮ್ ಕೋಲೂರಿಕೊಂಡು ಬಂದಳು.

"ಕಲ್ಲು ರೊಟ್ಟಿಯಷ್ಟು ತೆಳ್ಳಗಾಗಿದೆ, ಹಾನಿಮ್. ಇನ್ನೊಂದ್ಸಲ ಉಳಿ ಇಟ್ರೆ ಸೀಳಿಹೋಗುತ್ತೆ. ಬೇರೆ ಕಲ್ಲು ತರಿಸ್ಬೇಕು. ಈ ಚಳಿಗಾಲ ಒಂದು ಕಳೀಲಿ."

"ಅಷ್ಟರವರೆಗೆ ನಾನಿರ್ತೀನೇನೋ?"

ಮಬ್ಬುಗಣ್ಣಿನ ಮುದುಕಿ ಕಲ್ಲಿನ ಮೇಲೆ ಕೈಯಾಡಿಸಿದಳು.

"ಇಲ್ಲೇನೋ ಉಳ್ಕೊಂಡಿದೆಯಲ್ಲ?"

"ಬಿರುದು. 'ಸದಾ ವಿಜಯಿ.'"

ಹಾನಿಮ್ ನಕ್ಕಳು. ನಗು ಕೆಮ್ಮಾಯಿತು.

"ಒಂದೇ ಬೇಸಿಗೇಲಿ ಇಬ್ರು ದೊರೆಗಳು ಹೋದ್ರು. ನನ್ನ ನಜ್ಮಿ ಅವ್ರಿಗಿಂತ ಮೊದ್ಲೇ ಹೋದ. ಮತ್ತೆ ಗೆದ್ದೋನು ಯಾರೋ, ಉಸ್ತಾ?"

ಗರಬೆತ್ ಗಾಬರಿಯಿಂದ ಬೀದಿಯ ಆಚೀಚೆ ನೋಡಿದ. ಮುದುಕಿಗೆ ಈಗ ಯಾರ ಭಯವೂ ಉಳಿದಿರಲಿಲ್ಲ.

"ಅದನ್ನೂ ಉಜ್ಜು. ನೀರು ಬಿಡು."

ಅವನು ಉಳಿ ಮುಟ್ಟದೆ, ಉಜ್ಜುಗಲ್ಲಿನಿಂದಲೇ ಮೆಲ್ಲಗೆ ತಿಕ್ಕಿದ. ಕಲ್ಲು ಸೀಳಲಿಲ್ಲ. ಬರಿಯ ಬಿಳಿ ಹಲಗೆಯ ಕೆಳಗೆ ನೀರು ಧೋ ಎಂದು ಬಿತ್ತು. ಹಾನಿಮ್ ಮೊದಲ ಬೊಗಸೆ ಹಿಡಿದಳು. ತಾನು ಕುಡಿಯಲಿಲ್ಲ, ಕೈಗಳನ್ನು ಗರಬೆತ್‌ನ ಬಾಯಿಗೆ ಒಡ್ಡಿದಳು.

"ಬೇಗ ಕುಡಿಯೋ, ಸೋರಿಹೋಗುತ್ತೆ. ನನ್ನ ಮಗನಿಗೆ ಬಾಯಾರಿದೆ."