ಅಖ್ತರಿ ಇಲ್ಲದ ಶನಿವಾರ

ಶಿಕಾಗೋ ವಿಮಾನ ನಿಲ್ದಾಣಕ್ಕೆ ಹತ್ತಿರದ ಡೆಸ್ ಪ್ಲೇನ್ಸ್‌ನ ಕ್ಯೂಬನ್ ಹೋಟೆಲಿನಲ್ಲಿ ನಮ್ಮ ಸವಣೂರಿನ ಹಫೀಜರು ಪ್ರತಿ ಶನಿವಾರ ಮಧ್ಯಾಹ್ನ ಕಾಂಗಾ ಡೋಲು ಬಾರಿಸುತ್ತಿದ್ದರು. ವಿಮಾನಕ್ಕೆ ಕಾಯುವ ಪ್ರವಾಸಿಗರು ಕುಣಿಯುತ್ತಿದ್ದರು. ಕ್ಯೂಬಾದಲ್ಲಿ ನಿಮ್ಮ ಊರು ಯಾವುದೆಂದೂ ಕೇಳುತ್ತಿದ್ದರು. ಮೂಲೆಯ ಮೇಜಿನಲ್ಲಿ ಅವರ ಹೆಂಡತಿ ಅಖ್ತರಿ ಚಮಚದಿಂದ ಲಯ ತಟ್ಟುತ್ತಿದ್ದರು. ಆಕೆಯನ್ನು ನೋಡದೆ ಬಾರಿಸಿದರೆ ತಾಳ ತಪ್ಪುತ್ತದೆಂದು ಹಫೀಜರು ನಂಬಿದ್ದರು.

೨೦೦೩ರ ಮಾರ್ಚಿನಲ್ಲಿ ಅಖ್ತರಿ ತೀರಿಕೊಂಡರು. ನಲವತ್ತು ದಿನ ಕಳೆದ ಮೇಲೆ ಹಫೀಜರು ಮತ್ತೆ ಡೋಲಿನ ಮುಂದೆ ಕುಳಿತರು. ಆಕೆಯ ಕುರ್ಚಿಯ ಮೇಲೆ ಯಾರದೋ ಸೂಟ್‌ಕೇಸ್ ಇತ್ತು. ಜನ ಎಂದಿನಂತೆ ಕುಣಿದರು, ಚಪ್ಪಾಳೆ ತಟ್ಟಿದರು.

ನಾನು ಹತ್ತಿರ ಹೋಗಿ, "ಚೆನ್ನಾಗಿತ್ತು, ಹಫೀಜ್" ಎಂದೆ.

"ಒಂದ್ಸಲನೂ ತಪ್ಪಲಿಲ್ರಿ ಸರ," ಎಂದು ಅವರು ಅಂಗೈ ನೋಡಿಕೊಂಡರು. "ತಪ್ಪಬೇಕಿತ್ರಿ."

ಮುಂದಿನ ಹಾಡು ಶುರುವಾಯಿತು. ಅದರಲ್ಲೂ ತಾಳ ತಪ್ಪಲಿಲ್ಲ.