ಹಲ್ಲು ತೆಗೆಸಿದ ಲೆನ್ಸು

ಮದುವೆಯಾಗಿ ಮೈಸೂರಿನಿಂದ ಪುಣೆಗೆ ಬರುವಾಗ ನಾನು ಹಟ ಹಿಡಿದು ತಂದದ್ದು ನನ್ನ ಕ್ಯಾಮೆರಾ ಒಂದನ್ನೇ. ವಿಜಯಪುರದ ಕಡೆಯವರಾದ ನನ್ನ ಗಂಡನಿಗೆ ಅದು ಕುಕ್ಕರಿನಂಥ ಇನ್ನೊಂದು ಸಾಮಾನು. ನಾನು ಏನು ತೆಗೆಯುತ್ತೇನೆಂದು ಒಮ್ಮೆಯೂ ಕೇಳಿದವರಲ್ಲ.

ಹಾಗಿದ್ದವರು ಒಂದು ಸಲ ಬಾರಾಮತಿಯಲ್ಲಿ ಗೆಳೆಯನ ಮದುವೆಗೆಂದು ಅದನ್ನು ಒಯ್ದರು. ವಾರ ಕಳೆದು ಕೈಗಿಟ್ಟಾಗ ಕ್ಯಾಮೆರಾ ಬೇರೆ, ಲೆನ್ಸು ಬೇರೆ. ಕ್ಯಾಮೆರಾವನ್ನು ಕಚ್ಚಿ ಹಿಡಿಯಲು ಲೆನ್ಸಿನ ಹಿಂದೆ ಇರುವ ಮೂರು ಹಲ್ಲುಗಳೂ ಇರಲಿಲ್ಲ.

“ಹಲ್ಲು ನಾನ ತಗಸೀನಿ. ಇದಕ್ಕ ಸುಟ್ಟಾ ಲೆನ್ಸ್ ಅಂತಾರ. ಕ್ಯಾಮೆರಾದ ಮುಂದ ಕೈಯಾಗ ಹಿಡಕೊಂಡು ಫೋಟೊ ತಗೀಬೇಕು. ನಿನ್ನ ಸಲುವಾಗಿ ಹುಡುಕಿ ಕಲತು ಬಂದೀನಿ ನೋಡು,” ಎಂದರು.

ಮರಾಠಿಯಲ್ಲಿ ಸುಟ್ಟಾ ಎಂದರೆ ಬಿಡಿಯಾದದ್ದು ಎಂದು ಆಗ ನನಗೆ ಗೊತ್ತಿರಲಿಲ್ಲ. ಅಯ್ಯೋ, ನನ್ನ ಲೆನ್ಸ್ ಸುಟ್ಟುಹೋಯಿತೇ ಎಂದು ಕೂಗಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಅವತ್ತು ಅವರ ಮೇಲೆ ಎಷ್ಟು ಪ್ರೀತಿ ಬಂತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಮ್ಮನಿಗೆ ಫೋನ್ ಮಾಡಿ, “ನಂಗೋಸ್ಕರ ಕಲ್ತ್ಕೊಂಡು ಬಂದಿದಾರಮ್ಮ,” ಎಂದು ಬೀಗಿದೆ.

ಮೂರು ವರ್ಷ ಹಾಗೆಯೇ ತೆಗೆದೆ. ಲೆನ್ಸನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ಸಾಕು, ದಾಸವಾಳದ ಒಂದು ಎಸಳು ಮಾತ್ರ ಸ್ಪಷ್ಟವಾಗಿ ನಿಂತು ಉಳಿದದ್ದೆಲ್ಲ ಮಂಜಾಗುತ್ತಿತ್ತು. ನಡುವಿನ ಸಂದಿಯಿಂದ ನುಗ್ಗಿದ ಬೆಳಕು ಚಿತ್ರದ ಅಂಚಿನಲ್ಲಿ ಕೇಸರಿಯಾಗಿ ಹರಡುತ್ತಿತ್ತು. ತೋರಿಸಿದಾಗಲೆಲ್ಲ ಅವರು, “ಭಾಳ ಛಂದ ಬಂದದ,” ಎನ್ನುತ್ತಿದ್ದರು.

ಸಂದಿಯಿಂದ ಬೆಳಕಿನ ಜೊತೆ ಧೂಳೂ ಒಳಗೆ ಹೋಗುತ್ತದಲ್ಲ. ಚಿತ್ರಗಳಲ್ಲಿ ಕಪ್ಪು ಚುಕ್ಕೆ ಹೆಚ್ಚಾದಾಗ ಪೇಠೆಯ ಒಂದು ರಿಪೇರಿ ಅಂಗಡಿಗೆ ಹೋದೆ. ಮುದುಕರೊಬ್ಬರು ಲೆನ್ಸನ್ನು ತಿರುಗಿಸಿ ನೋಡಿ, ಇದಕ್ಕೆ ಅರ ಹಾಕಿ ಉಜ್ಜಿದವನು ನಾನೇ ಎಂದು ಮರಾಠಿಯಲ್ಲಿ ಹೇಳಿದರು. ಕ್ಯಾಮೆರಾ ಬೈಕಿನಿಂದ ಬಿದ್ದು ಲೆನ್ಸಿನ ಎರಡು ಹಲ್ಲು ಮುರಿದಿತ್ತಂತೆ, ಉಳಿದೊಂದನ್ನು ಇವರು ಉಜ್ಜಿ ತೆಗೆದರಂತೆ. ಹದಿನೈದು ದಿನ ಕಾದರೆ ಹಲ್ಲಿರುವ ಹೊಸ ಬಳೆ ತರಿಸಿ ಲೆನ್ಸಿಗೆ ಕೂರಿಸುತ್ತೇನೆ ಎಂದೂ ಇವರು ಹೇಳಿದ್ದರಂತೆ. ನಮ್ಮವರು, ಅಷ್ಟು ದಿನ ಹೆಂಡತಿಗೆ ಏನು ಹೇಳಲಿ, ಬೇರೆ ದಾರಿ ಇದೆಯೇ ಎಂದು ಕೇಳಿದರಂತೆ. ಕೈಯಲ್ಲಿ ಹಿಡಿದು ತೆಗೆಯುವವರೂ ಇದ್ದಾರೆ ಎಂದು ಈ ಪುಣ್ಯಾತ್ಮರು ತಮಾಷೆಗೆ ಹೇಳಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ಹೆಂಡತಿಗೆ ಅಷ್ಟು ಸಾಕಾಯಿತು.

ಸಂಜೆ ಅವರು ಚಾಕಣದ ಫ್ಯಾಕ್ಟರಿಯಿಂದ ಬಂದು ಬೂಟು ಬಿಚ್ಚುವ ಮೊದಲೇ ಕೇಳಿದೆ. “ಬೀಳ್ಸಿದೆ ಅಂತ ಯಾಕ್ರೀ ಹೇಳ್ಲಿಲ್ಲ?”

“ನೀ ಅಳತಿ ಅಂತ.”

“ಒಂದಿನ ಅಳ್ತಿದ್ದೆ, ಅಷ್ಟೇ ತಾನೆ? ಹೋಗ್ಲಿ, ಫೋಟೋನಾದ್ರೂ ನಿಜವಾಗ್ಲೂ ಚೆನ್ನಾಗಿದ್ವಾ?”

ಅವರು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು. “ಖರೇ ಹೇಳ್ಲೇನು? ನನಗ ಅವೆಲ್ಲಾ ಕೆಟ್ಟು ಹೋದಂಗ ಕಾಣತಿದ್ವು. ನೀ ಖುಷೀಲೆ ಇದ್ದಿ, ಅದಕ್ಕ ಛಂದ ಅವ ಅಂತಿದ್ದೆ.”

ಲೆನ್ಸು ಬಿದ್ದದ್ದನ್ನು ಆ ಕ್ಷಣವೇ ಕ್ಷಮಿಸಿಬಿಟ್ಟೆ. ಇದನ್ನು ಕ್ಷಮಿಸಲಾಗಲಿಲ್ಲ. ಅಡುಗೆಮನೆಗೆ ಹೋಗಿ, ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಸಾರು ಕುದಿಸಿ ಬಡಿಸಿದೆ. ಅವರು ಎರಡು ತುತ್ತು ಉಂಡು ನನ್ನ ಮುಖ ನೋಡಿ, “ಸಾರು ಭಾರಿ ಛಂದ ಆಗೇದ,” ಎಂದರು.

ನಾನು ಉಪ್ಪನ್ನೇ ಹಾಕಿರಲಿಲ್ಲ.